ಬಿಡಾರ ಬದಲಾದರೂ ಬಸುರಿಯ ಆರೈಕೆ ತಪ್ಪಬಾರದು

(ಸಂಘದ ಮಾಸಿಕ ಸಭೆಯಲ್ಲಿ ನಮ್ಮ ಸಂಘಟಕರೊಬ್ಬರು ಮಾಡಿದ ಭಾಷಣ. ಪಾಳಿಯ ಕಾರಣದಿಂದ ಸಭೆಗೆ ಬರಲಾಗದ ಸದಸ್ಯರ ಅನುಕೂಲಕ್ಕಾಗಿ ಪೂರ್ತಿಯಾಗಿ ಕೊಟ್ಟಿದೆ.)



ನಾನು ಈ ಜಾಗದಲ್ಲಿ ನಿಂತಾಗಲೆಲ್ಲ ಪಗಾರ, ಬೋನಸ್ಸು, ವಾರದ ರಜೆ ಇವುಗಳ ಮಾತನ್ನೇ ಆಡುತ್ತ ಬಂದವನು. ಇಂದು ಬಸುರಿ ಹೆಂಗಸರ ಆರೈಕೆಯ ಬಗ್ಗೆ ಮಾತನಾಡುತ್ತೇನೆಂದಾಗ ಕೆಲವು ಗೆಳೆಯರು ನಕ್ಕರು. 'ಅದು ಹೆಂಗಸರ ವಿಷಯವಲ್ಲವೇ ಮಾರಾಯರೇ, ಸಂಘಕ್ಕೂ ಅದಕ್ಕೂ ಏನು ಸಂಬಂಧ?' ಎಂದು ಕೇಳಿದರು. 2018ಕ್ಕೆ ಮೊದಲು ನಾನೂ ಹಾಗೆಯೇ ನಗುತ್ತಿದ್ದೆ. ಆ ವರ್ಷ ಏನಾಯಿತೆಂಬುದನ್ನು ಮೊದಲು ಹೇಳಿಬಿಡುತ್ತೇನೆ. ಹೇಳಲು ನಾಚಿಕೆಯಾಗುತ್ತದೆ. ಆದರೂ ಹೇಳುವುದು ನನ್ನ ಕರ್ತವ್ಯ.

ಆಗ ನಮ್ಮ ಬಿಡಾರ ಪರೇಲಿನ ಕಡೆ ಒಂದು ಚಾಳಿನಲ್ಲಿತ್ತು. ಒಂದೇ ಖೋಲಿ. ನನ್ನ ಹೆಂಡತಿ ಚೊಚ್ಚಲ ಬಸುರಿ. ಹತ್ತಿರದ ಸರಕಾರಿ ಆಸ್ಪತ್ರೆಯಲ್ಲಿ ಹೆಸರು ಹಾಕಿಸಿದ್ದಳು. ತಿಂಗಳು ತಿಂಗಳು ತಾನೇ ಹೋಗಿ ಸಾಲಿನಲ್ಲಿ ನಿಂತು ತೋರಿಸಿಕೊಂಡು ಬರುತ್ತಿದ್ದಳು. ನಾನು ಒಂದು ದಿನವೂ ಜೊತೆಗೆ ಹೋದವನಲ್ಲ. ಆರನೆಯ ತಿಂಗಳಲ್ಲಿ ಅಲ್ಲಿನ ಡಾಕ್ಟರಮ್ಮ ಕೇಸ್ ಪೇಪರಿನ ಮೇಲೆ ಕೆಂಪು ಶಾಯಿಯಲ್ಲಿ ಏನೋ ಬರೆದು, 'ರಕ್ತದ ಒತ್ತಡ ಸ್ವಲ್ಪ ಏರಿದೆ. ಇನ್ನು ಮೇಲೆ ಹದಿನೈದು ದಿನಕ್ಕೊಮ್ಮೆ ಬಾ' ಎಂದು ಹೇಳಿದ್ದರು. ಆಕೆ ಬಂದು ನನಗೆ ಹೇಳಿದಳು. ನಾನು 'ಆಗಲಿ' ಎಂದೆ. ಅಷ್ಟೆ.

ಅದೇ ವೇಳೆಗೆ ಖೋಲಿಯ ಹನ್ನೊಂದು ತಿಂಗಳ ಕರಾರು ಮುಗಿಯಿತು. ಮಾಲಿಕರು ಕೇಳಿದ ಬಾಡಿಗೆ ನನ್ನ ಕೈಗೆ ಎಟುಕುವಂಥದ್ದಲ್ಲ. ಒಂದು ಭಾನುವಾರ ಟೆಂಪೋದಲ್ಲಿ ಸಾಮಾನು ಹೇರಿಕೊಂಡು ನಾಲಾಸೋಪಾರಕ್ಕೆ ಹೋದೆವು. ಮನೆಯಲ್ಲಿ ಬಸುರಿಯಿದ್ದಾಗ ಬಿಡಾರ ಬದಲಿಸಬಾರದೆಂದು ಊರಿನಿಂದ ನನ್ನ ತಾಯಿ ಫೋನಿನಲ್ಲಿ ಹೇಳಿದರು. ಬಾಡಿಗೆಗೆ ಶಾಸ್ತ್ರ ತಿಳಿಯುತ್ತದೆಯೇ? ಹೋಗಲೇಬೇಕಾಗಿತ್ತು, ಹೋದೆವು. ಪಾತ್ರೆ ಬಂತು, ಹಾಸಿಗೆ ಬಂತು, ದೇವರ ಪಟ ಬಂತು. ಆಸ್ಪತ್ರೆಯ ಕಾಗದಗಳ ಚೀಲ ಮಾತ್ರ ಹಳೆಯ ಖೋಲಿಯ ಅಟ್ಟದ ಮೇಲೆಯೇ ಉಳಿಯಿತು. ನೆನಪಾಗಿ ಹೋಗಿ ಕೇಳುವಾಗ ಹೊಸ ಬಾಡಿಗೆಯವರು ಅಟ್ಟ ಗುಡಿಸಿ ರದ್ದಿಗೆ ಹಾಕಿ ಆಗಿತ್ತು.

ಹೊಸ ಜಾಗದಿಂದ ಆಕೆ ಒಂದು ಸಲ ವಿರಾರ್ ಲೋಕಲಿನಲ್ಲಿ ಹಳೆಯ ಆಸ್ಪತ್ರೆಗೆ ಹೊರಟಳು. ಏಳು ತಿಂಗಳ ಹೊಟ್ಟೆ ಹೊತ್ತು ಆ ಗರ್ದಿಯಲ್ಲಿ ಹತ್ತಲಾಗದೆ ಸ್ಟೇಷನ್ನಿನಿಂದಲೇ ಹಿಂದಿರುಗಿದಳು. 'ಇಲ್ಲಿಯೇ ಹತ್ತಿರ ಎಲ್ಲಾದರೂ ಹೆಸರು ಹಾಕಿಸೋಣ' ಎಂದಳು. 'ಮುಂದಿನ ವಾರ ನೋಡೋಣ' ಎಂದೆ. ಆಗ ನಮ್ಮಲ್ಲಿ ಬೋನಸ್ಸಿನ ಮಾತುಕತೆ ನಡೆದಿತ್ತು. ಹೀಗೆ ಮುಂದಿನ ವಾರ, ಮುಂದಿನ ವಾರ ಎನ್ನುತ್ತ ಏಳು ವಾರ ಕಳೆದವು.

ಒಂದು ಸಂಜೆ ಆಕೆಗೆ ತಡೆಯಲಾರದ ತಲೆನೋವು ಬಂತು. ಮುಖ, ಕೈ ಊದಿದ್ದವು. ಕಣ್ಣು ಮಂಜಾಗುತ್ತಿತ್ತು. ನಾನು ಸಭೆಯಲ್ಲಿದ್ದೆ, ಫೋನಿನ ದನಿ ಅಡಗಿಸಿ ಕಿಸೆಯಲ್ಲಿಟ್ಟಿದ್ದೆ. ಪಕ್ಕದ ಖೋಲಿಯ ಮರಾಠಿ ಅಜ್ಜಿಯೊಬ್ಬರು ಆಕೆಯನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ಹೋದರು. ಮೊದಲನೆಯ ಕಡೆ, 'ಹೆಸರು ಎಲ್ಲಿ ಹಾಕಿಸಿದ್ದೀರಿ? ಅಲ್ಲಿಗೇ ಹೋಗಿ' ಎಂದರು. ಎರಡನೆಯ ಕಡೆ, 'ಕಾಗದ ಇಲ್ಲದೆ ಹೇಗೆ ಸೇರಿಸಿಕೊಳ್ಳುವುದು?' ಎಂದರು. ಮೂರನೆಯ ಕಡೆ ಒಬ್ಬ ನರ್ಸಮ್ಮ ಏನನ್ನೂ ಕೇಳದೆ ಮೊದಲು ತೋಳಿಗೆ ಪಟ್ಟಿ ಸುತ್ತಿ ಒತ್ತಡ ನೋಡಿದರು. 170/110 ಇತ್ತು. ಆ ರಾತ್ರಿಯೇ ಹೆರಿಗೆ ಮಾಡಿಸಿದರು. ಮಗುವಿನ ತೂಕ ಒಂದೂಮುಕ್ಕಾಲು ಕಿಲೋಕ್ಕಿಂತ ಕಡಿಮೆ. ಹತ್ತೊಂಬತ್ತು ದಿನ ಗಾಜಿನ ಪೆಟ್ಟಿಗೆಯಲ್ಲಿತ್ತು.

ತಾಯಿ ಮಗು ಇಬ್ಬರೂ ಉಳಿದರು. ಮಗಳು ಈಗ ಶಾಲೆಗೆ ಹೋಗುತ್ತಿದ್ದಾಳೆ. ನಾನು ರಾತ್ರಿ ಹನ್ನೊಂದಕ್ಕೆ ಆಸ್ಪತ್ರೆ ಮುಟ್ಟಿದೆ. ಮರುದಿನ ಹೆಂಡತಿ ಕಣ್ಣು ಬಿಟ್ಟು ನನ್ನನ್ನು ಕೇಳಿದ್ದು ಒಂದೇ ಮಾತು: 'ಬೋನಸ್ಸು ಎಷ್ಟಕ್ಕೆ ತೀರ್ಮಾನವಾಯಿತು?' ಬೈಗುಳವಲ್ಲ, ನಿಜವಾಗಿಯೂ ತಿಳಿಯಬೇಕೆಂದು ಕೇಳಿದ್ದಳು. ನನಗೆ ಉತ್ತರ ಕೊಡಲಾಗಲಿಲ್ಲ.

ಬಂಧುಗಳೇ, ಆ ಎರಡು ಕಡೆ ಬಾಗಿಲು ತೋರಿಸಿದ್ದು ತಪ್ಪೇ ಸರಿ. ಆದರೆ ಅದಕ್ಕೆ ಮೊದಲು ಏಳು ವಾರ ಆಕೆಯನ್ನು ಯಾರಿಗೂ ತೋರಿಸದೆ ಇಟ್ಟದ್ದು ನಾನು. ಆದುದರಿಂದ ಇಂದು ನಾನು ಹೇಳುವುದು ಒಂದೇ ಮಾತು. ಬಿಡಾರ ಬದಲಾಗುವಾಗ ಬಸುರಿಯ ಕಾಗದವೂ ಆರೈಕೆಯೂ ಆಕೆಯೊಂದಿಗೇ ಹೋಗಬೇಕು. ಹೋಗುವಂತೆ ನೋಡಿಕೊಳ್ಳುವುದು ಗಂಡಸಿನ ಕೆಲಸ, ಗಂಡಸಿನಿಂದಾಗದಿದ್ದರೆ ಸಂಘದ ಕೆಲಸ.

ಆ ಕಾಗದದಲ್ಲಿ ಅಂಥದ್ದೇನಿದೆ ಎಂದು ಕೇಳುತ್ತೀರಿ. ಗಂಡು-ಹೆಣ್ಣಿನ ಜಾತಕ ಹಿಡಿದುಕೊಂಡು ಜೋಯಿಸರ ಮನೆಗೆ ನಾಲ್ಕು ಸಲ ತಿರುಗುವವರು ನಾವು. ಬಸುರಿಯ ನಿಜವಾದ ಜಾತಕ ಆ ಕೇಸ್ ಪೇಪರು ಮತ್ತು ಆ ಕಾರ್ಡು. ಸರಕಾರದ ತಾಯಿ-ಮಗುವಿನ ಕಾರ್ಡನ್ನು ನಮ್ಮ ಕರ್ನಾಟಕದಲ್ಲಿ ತಾಯಿ ಕಾರ್ಡ್ ಎನ್ನುತ್ತಾರೆ. ಮುಟ್ಟು ನಿಂತ ತಾರೀಕು, ದಿನ ತುಂಬುವ ತಾರೀಕು, ರಕ್ತದ ಗುಂಪು, ರಕ್ತ ಎಷ್ಟಿದೆ, ಒತ್ತಡ ಎಷ್ಟು, ಸಕ್ಕರೆ ಇದೆಯೇ, ತೂಕ ಹೇಗೆ ಏರಿದೆ, ಧನುರ್ವಾಯುವಿನ ಚುಚ್ಚುಮದ್ದು ಯಾವಾಗ ಆಯಿತು, ಸೋನೋಗ್ರಫಿಯಲ್ಲಿ ಏನು ಕಂಡಿತು, ಎಲ್ಲವೂ ಅದರಲ್ಲಿರುತ್ತದೆ. ಒತ್ತಡ ಇಂದು 140/90 ಇದೆಯೆಂದರೆ ಹೊಸ ಡಾಕ್ಟರಿಗೆ ಅದರಿಂದ ಅರ್ಧ ಮಾತ್ರ ತಿಳಿಯುತ್ತದೆ. ನಾಲ್ಕನೆಯ ತಿಂಗಳಲ್ಲಿ 110/70 ಇದ್ದದ್ದು ಈಗ ಇಷ್ಟಕ್ಕೆ ಏರಿದೆಯೆಂದು ತಿಳಿದರೆ ಅವರು ಎಚ್ಚರಗೊಳ್ಳುತ್ತಾರೆ. ರಕ್ತ 11 ಗ್ರಾಮಿಗಿಂತ ಕಡಿಮೆಯಿದ್ದರೆ ರಕ್ತಹೀನತೆ ಎಂದು ಲೆಕ್ಕ. ಗುಳಿಗೆ ನುಂಗಿದ ಮೇಲೆ ಅದು ಏರಿದೆಯೋ ಇಳಿದಿದೆಯೋ ಎಂಬುದು ಹಳೆಯ ಕಾಗದದಿಂದಲೇ ಗೊತ್ತಾಗಬೇಕು.

ಎರಡು ವಿಷಯಗಳಿಗಂತೂ ಕೆಂಪು ಗೆರೆ ಎಳೆಸಿಕೊಳ್ಳಿ. ಒಂದು, ರಕ್ತದ ಗುಂಪಿನ ಮುಂದೆ 'ನೆಗೆಟಿವ್' ಎಂದಿದ್ದರೆ. ಮಗುವಿನ ರಕ್ತ ಪಾಸಿಟಿವ್ ಆದಲ್ಲಿ ಹೆರಿಗೆಯಾದ 72 ಗಂಟೆಗಳೊಳಗೆ ತಾಯಿಗೆ ಒಂದು ಚುಚ್ಚುಮದ್ದು ಆಗಬೇಕು. ತಪ್ಪಿದರೆ ಮುಂದಿನ ಮಗುವಿಗೆ ಅಪಾಯ. ಎರಡು, ಹಿಂದಿನ ಹೆರಿಗೆ ಹೊಟ್ಟೆ ಕೊಯ್ದು ಆಗಿದ್ದರೆ. ಅಂಥ ಹೆಂಗಸನ್ನು ಆಪರೇಷನ್ನಿನ ವ್ಯವಸ್ಥೆಯಿರುವ ಆಸ್ಪತ್ರೆಯಲ್ಲೇ ಸೇರಿಸಬೇಕು, ಹತ್ತಿರ ಇದೆಯೆಂದು ಚಿಕ್ಕ ಪ್ರಸೂತಿ ಗೃಹ ಸಾಲದು.

ಇನ್ನು, ಬಿಡಾರ ಬದಲಿಸುವಾಗ ಏನು ಮಾಡಬೇಕು?

ಹೊರಡುವ ಮೊದಲು ಒಂದು ದಿನ ಹಳೆಯ ಆಸ್ಪತ್ರೆಗೆ ಗಂಡಹೆಂಡಿರಿಬ್ಬರೂ ಹೋಗಿ. 'ನಾವು ಇಂಥ ಕಡೆ ಹೋಗುತ್ತಿದ್ದೇವೆ, ಮುಂದಿನ ಆಸ್ಪತ್ರೆಗೆ ಒಂದು ಚೀಟಿ ಬರೆದುಕೊಡಿ' ಎಂದು ಕೇಳಿ. ಕೇಳಿದರೆ ಬರೆದುಕೊಡುತ್ತಾರೆ, ಕೇಳದಿದ್ದರೆ ಯಾರೂ ಕರೆದು ಕೊಡುವುದಿಲ್ಲ. ಕೇಸ್ ಪೇಪರು ಆಸ್ಪತ್ರೆಯಲ್ಲೇ ಉಳಿಯುವಂಥದಾದರೆ ನಕಲು ಕೇಳಿ. ಪ್ರತಿಯೊಂದು ಹಾಳೆಯ ಫೋಟೋ ಹೆಂಡತಿಯ ಫೋನಿನಲ್ಲೂ ನಿಮ್ಮ ಫೋನಿನಲ್ಲೂ ಇರಲಿ. ಮೂಲ ಕಾಗದಗಳು ಟೆಂಪೋದ ಸಾಮಾನಿನಲ್ಲಿ ಹೋಗಕೂಡದು. ಅವು ಆಕೆಯ ಕೈಚೀಲದಲ್ಲಿ ಇರಬೇಕು. ಗುಳಿಗೆಗಳನ್ನು ಒಂದು ತಿಂಗಳಿಗೆ ಸಾಕಾಗುವಷ್ಟು ಕೇಳಿ ಪಡೆಯಿರಿ. ನಾಲ್ಕನೆಯ ತಿಂಗಳಿನಿಂದ ಕಬ್ಬಿಣದ ಗುಳಿಗೆ ದಿನಕ್ಕೊಂದರಂತೆ 180 ದಿನ ನುಂಗಬೇಕು. ಸಾಮಾನು ಕಟ್ಟುವ ಗಡಿಬಿಡಿಯಲ್ಲಿ ಮೊದಲು ತಪ್ಪುವುದೇ ಅದು.

ಹೊಸ ಜಾಗಕ್ಕೆ ಹೋದ ಮೇಲೆ, ಸಾಮಾನು ಬಿಚ್ಚುವುದು ನಿಧಾನವಾದರೂ ಚಿಂತೆಯಿಲ್ಲ, ಒಂದು ವಾರದೊಳಗೆ ಹೆಸರು ಹಾಕಿಸಿ. ಎಲ್ಲಿ ಎಂದು ತಿಳಿಯದಿದ್ದರೆ ಅಂಗನವಾಡಿಯನ್ನು ಕೇಳಿ, ಆಶಾ ಕಾರ್ಯಕರ್ತೆಯನ್ನು ಕೇಳಿ, ನೆರೆಮನೆಯ ಹೆಂಗಸರನ್ನು ಕೇಳಿ. ಭಾಷೆ ಬರುವುದಿಲ್ಲವೆಂದು ನಾಚಬೇಡಿ. ನನ್ನ ಹೆಂಡತಿಯನ್ನು ಉಳಿಸಿದ ಅಜ್ಜಿಗೆ ಕನ್ನಡ ಬರುತ್ತಿರಲಿಲ್ಲ, ಇವಳಿಗೆ ಸರಿಯಾಗಿ ಮರಾಠಿ ಬರುತ್ತಿರಲಿಲ್ಲ. ಕಾರ್ಡಿನ ಮೇಲೆ ಆರ್‌ಸಿಎಚ್ ಸಂಖ್ಯೆ ಎಂದು ಇರುತ್ತದೆ, ಅದನ್ನು ತೋರಿಸಿ. ಮೊದಲೇ ಇನ್ನೊಂದು ಕಡೆ ಹೆಸರು ಹಾಕಿಸಿದೆಯೆಂಬುದನ್ನು ಮುಚ್ಚಿಡಬೇಡಿ. 2016ರಿಂದ ಪ್ರತಿ ತಿಂಗಳ 9ನೆಯ ತಾರೀಕು ಸರಕಾರಿ ಆಸ್ಪತ್ರೆಗಳಲ್ಲಿ ನಾಲ್ಕು ತಿಂಗಳು ತುಂಬಿದ ಬಸುರಿಯರನ್ನು ಡಾಕ್ಟರರೇ ಉಚಿತವಾಗಿ ಪರೀಕ್ಷಿಸುವ ಏರ್ಪಾಡಿದೆ. ಹೊಸಬರಿಗೆ ಆ ದಿನ ಒಳ್ಳೆಯದು.

ರಾತ್ರಿ ಹೊತ್ತು ತೊಂದರೆಯಾದರೆ ಯಾವ ಆಸ್ಪತ್ರೆಗೆ ಹೋಗಬೇಕೆಂಬುದನ್ನು ಹಗಲಿನಲ್ಲೇ ನೋಡಿಟ್ಟುಕೊಳ್ಳಿ. ಒಮ್ಮೆ ಅಲ್ಲಿಗೆ ನಡೆದು ನೋಡಿ. 108ಕ್ಕೆ ಫೋನು ಮಾಡಿದರೆ ಆಂಬುಲೆನ್ಸ್ ಉಚಿತ. ಹೊಸ ಬಿಡಾರದ ಗುರುತು, ಗಲ್ಲಿ, ಹತ್ತಿರದ ಗುಡಿಯೋ ಅಂಗಡಿಯೋ ಯಾವುದೆಂದು ಆಕೆಗೆ ಬಾಯಿಪಾಠ ಇರಬೇಕು. ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮುಖ-ಕೈ ಊದುವುದು, ರಕ್ತ ಹೋಗುವುದು, ನೀರು ಒಡೆಯುವುದು, ಜ್ವರ, ಫಿಟ್ಸ್, ಮಗುವಿನ ಅಲುಗಾಟ ಕಡಿಮೆಯಾಗುವುದು, ಇವುಗಳಲ್ಲಿ ಯಾವುದೊಂದು ಕಂಡರೂ ಬೆಳಗಾಗಲೆಂದು ಕಾಯಬಾರದು. ಇದನ್ನು ಹೆಂಗಸರಿಗಿಂತ ಮೊದಲು ಗಂಡಸರು ನೆನಪಿಡಬೇಕು.

ಬಿಡಾರ ಬದಲಿಸುವುದರಲ್ಲಿ ನಮ್ಮವರದ್ದೇ ಆದ ಇನ್ನೊಂದು ಬಗೆಯಿದೆ. ಅದು ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವುದು. ಉಡುಪಿ-ಕುಂದಾಪುರದವರಿರಲಿ, ವಿಜಯಪುರ-ಕಲಬುರಗಿಯವರಿರಲಿ, ಸೀಮಂತ ಮುಗಿಸಿ ಹುಡುಗಿಯನ್ನು ರೈಲು ಹತ್ತಿಸುತ್ತೇವೆ. ಹತ್ತಿಸಿ, ತಾಯಿಯ ಕೈಯ ಬಾಣಂತನಕ್ಕೆ ಸಮನಾದದ್ದಿಲ್ಲ. ಆದರೆ ಇಲ್ಲಿನ ಡಾಕ್ಟರನ್ನು ಕೇಳಿಯೇ ಹೊರಡಬೇಕು. ಒತ್ತಡವೋ ರಕ್ತಸ್ರಾವವೋ ಇದ್ದರೆ ಅವರು ಬೇಡವೆಂದಾರು, ಆಗ ತವರಿನವರನ್ನೇ ಇಲ್ಲಿಗೆ ಕರೆಸಿಕೊಳ್ಳಿ. ಎಲ್ಲ ಸರಿಯಿದ್ದರೂ ಒಂಬತ್ತರವರೆಗೆ ಕಾಯದೆ, ಎಂಟನೆಯ ತಿಂಗಳಿಗೆ ಮೊದಲೇ ಕಳಿಸುವುದು ಕ್ಷೇಮ. ಟಿಕೀಟು ಕೊಳ್ಳುವಾಗ ಬಸುರಿಯೆಂದು ತಿಳಿಸಿದರೆ ಕೆಳಗಿನ ಬರ್ತಿಗೆ ರೈಲ್ವೆಯಲ್ಲಿ ಕೋಟಾ ಇದೆ. ದಾರಿಯಲ್ಲಿ ಒಂದೇ ಸಮನೆ ಕೂರದೆ ಆಗಾಗ ಎದ್ದು ಎರಡು ಹೆಜ್ಜೆ ನಡೆಯಬೇಕು, ಕಕ್ಕಸಿಗೆ ಹೋಗಬೇಕಾಗುತ್ತದೆಂದು ಹೆದರಿ ನೀರು ಕುಡಿಯದೆ ಇರಬಾರದು. ಊರು ಮುಟ್ಟಿದ ವಾರದೊಳಗೆ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹೆಸರು ಹಾಕಿಸಬೇಕು. 'ಹೆರಿಗೆ ನೋವು ಬಂದಾಗ ಲೇಡಿಗೋಷನ್ನಿಗೆ ಹೋದರಾಯಿತು' ಎಂದು ಕರಾವಳಿಯವರು ಹೇಳುವುದನ್ನು ಕೇಳಿದ್ದೇನೆ. ಆ ಆಸ್ಪತ್ರೆ ದೊಡ್ಡದೇ. ಆದರೆ ನೋವು ಬಂದ ಮೇಲೆ ಮೊದಲ ಸಲ ಮುಖ ತೋರಿಸುವುದು ಎಲ್ಲಿಯೂ ಜಾಣತನವಲ್ಲ.

ಹೆರಿಗೆಯಾದ ಊರಿನಲ್ಲೇ ಮಗುವಿನ ಜನನವನ್ನು 21 ದಿನಗಳೊಳಗೆ ನೋಂದಾಯಿಸಿ. ಮುಂಬಯಿಗೆ ಮರಳುವಾಗ ಜನನ ಪತ್ರವೂ ಲಸಿಕೆಯ ಕಾರ್ಡೂ ಜೊತೆಗೆ ಬರಲಿ. ಆರು ವಾರದ ಲಸಿಕೆ ಯಾವ ಊರಿನಲ್ಲಿ ಹಾಕಿಸಿದರೂ ಸರಿ, ಹಾಕಿಸಲೇಬೇಕು.

ಇನ್ನು ಹಕ್ಕಿನ ಮಾತು. 'ನೀವು ಈ ಊರಿನವರಲ್ಲ' ಎಂದಾಗ ನಾವು ತಲೆ ತಗ್ಗಿಸಿ ಹಿಂದಿರುಗುತ್ತೇವೆ. ಹಾಗೆ ಹಿಂದಿರುಗಬೇಕಾಗಿಲ್ಲ. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಆಪರೇಷನ್, ಔಷಧಿ, ಪರೀಕ್ಷೆ, ರಕ್ತ, ಊಟ ಎಲ್ಲವೂ ಉಚಿತ. ಸಹಜ ಹೆರಿಗೆಯಾದರೆ 3 ದಿನ, ಆಪರೇಷನ್ ಆದರೆ 7 ದಿನ ಊಟ ಕೊಡಬೇಕು. ಮನೆಯಿಂದ ಆಸ್ಪತ್ರೆಗೂ ಆಸ್ಪತ್ರೆಯಿಂದ ಮನೆಗೂ ವಾಹನ ಕೊಡಬೇಕು.

ದೆಹಲಿಯ ಉಚ್ಚ ನ್ಯಾಯಾಲಯ 2010ರ ಜೂನ್ 4ರಂದು ಒಂದು ತೀರ್ಪು ಕೊಟ್ಟಿತು. ಬಿಹಾರದಿಂದ ದುಡಿಮೆಗೆ ಬಂದ ಬಡ ಕುಟುಂಬದ ಬಸುರಿ ಹೆಂಗಸಿಗೆ, ಆಕೆಯ ರೇಷನ್ ಕಾರ್ಡು ಆ ಊರಿನದಲ್ಲವೆಂಬಂಥ ಕಾರಣ ಹೇಳಿ ಸಿಗಬೇಕಾದ ಆರೈಕೆ ಸಿಗಲಿಲ್ಲ. ಮುಂದಿನ ಹೆರಿಗೆಯಲ್ಲಿ ಆಕೆ ತೀರಿಕೊಂಡಳು. ಬಡ ತಾಯಂದಿರ ಸೌಲಭ್ಯ ರಾಜ್ಯದ ಗಡಿ ದಾಟಿದೊಡನೆ ಸತ್ತುಹೋಗಬಾರದು, ಅದು ಹೆಂಗಸಿನೊಂದಿಗೇ ಹೋಗಬೇಕು ಎಂಬುದು ಆ ತೀರ್ಪಿನ ಸಾರ. ಅದಕ್ಕೂ ಮೊದಲು 1996ರಲ್ಲಿ ಪಶ್ಚಿಮ ಬಂಗಾಳದ ಹೊಲಗೂಲಿಗಳ ಸಂಘವೊಂದು ಸರ್ವೋಚ್ಚ ನ್ಯಾಯಾಲಯದಲ್ಲಿ ಗೆದ್ದಿತು. ಅದರ ಸದಸ್ಯನೊಬ್ಬ 1992ರಲ್ಲಿ ರೈಲಿನಿಂದ ಬಿದ್ದು ತಲೆಗೆ ಪೆಟ್ಟಾದಾಗ ಸರಕಾರಿ ಆಸ್ಪತ್ರೆಗಳು ಹಾಸಿಗೆಯಿಲ್ಲವೆಂದು ಒಂದರ ಮೇಲೊಂದರಂತೆ ಹಿಂದೆ ಕಳಿಸಿದ್ದವು. ತುರ್ತಿನಲ್ಲಿ ಚಿಕಿತ್ಸೆ ಕೊಡದಿರುವುದು ಮನುಷ್ಯನ ಜೀವದ ಹಕ್ಕಿಗೆ ಭಂಗವೆಂದು ನ್ಯಾಯಾಲಯ ಹೇಳಿತು. ಗಮನಿಸಿ, ಕೂಲಿಗಳ ಸಂಘವೇ ಆ ಮೊಕದ್ದಮೆ ಹೂಡಿತ್ತು. 'ಸಂಘಕ್ಕೂ ಇದಕ್ಕೂ ಏನು ಸಂಬಂಧ' ಎಂದು ಕೇಳಿದ ಗೆಳೆಯರಿಗೆ ಇದೇ ನನ್ನ ಉತ್ತರ.

ಇನ್ನೂ ಹಿಂದಕ್ಕೆ ಹೋದರೆ ಉತ್ತರ ನಮ್ಮ ಈ ನಗರದಲ್ಲೇ ಇದೆ. ಗಿರಣಿಯ ಹೆಣ್ಣಾಳುಗಳು ದಿನ ತುಂಬುವವರೆಗೂ ದುಡಿಯುತ್ತಿದ್ದ ಕಾಲವದು. 1924ರಲ್ಲಿ ಕಾರ್ಮಿಕ ಮುಖಂಡ ಎನ್. ಎಂ. ಜೋಷಿಯವರು ಕೇಂದ್ರ ಶಾಸನಸಭೆಯಲ್ಲಿ ಹೆರಿಗೆ ಸೌಲಭ್ಯದ ಮಸೂದೆ ಮಂಡಿಸಿದರು, ಅದು ಬಿದ್ದುಹೋಯಿತು. 1928ರಲ್ಲಿ ಮುಂಬಯಿ ಪ್ರಾಂತದ ಶಾಸನಸಭೆಯಲ್ಲಿ ಅಂಥ ಮಸೂದೆಗೆ ಡಾ. ಅಂಬೇಡ್ಕರರು ಬೆಂಬಲವಾಗಿ ನಿಂತರು. 1929ರಲ್ಲಿ ಕಾಯ್ದೆಯಾಯಿತು. ದೇಶದಲ್ಲಿ ಈ ಬಗೆಯ ಮೊದಲ ಕಾಯ್ದೆ ಮುಂಬಯಿಯದು. ಗಿರಣಿಗಳ ನಡುವೆ, ಪರೇಲಿನಲ್ಲಿ, ವಾಡಿಯಾ ಹೆರಿಗೆ ಆಸ್ಪತ್ರೆ ಬಂದದ್ದು 1926ರಲ್ಲಿ. ಈಗ ಗಿರಣಿಗಳ ಚಿಮಣಿ ಆರಿವೆ, ಆ ಜಾಗದಲ್ಲಿ ಗೋಪುರದಂಥ ಕಟ್ಟಡಗಳು ಎದ್ದಿವೆ. ಅಲ್ಲಿದ್ದ ನಮ್ಮ ಜನ ಡೊಂಬಿವಲಿ, ಕಲ್ಯಾಣ, ವಿರಾರ್ ಎಂದು ಚದರಿಹೋಗಿದ್ದಾರೆ. ಹಿರಿಯರ ಮನೆ ಬಾಗಿಲಲ್ಲೇ ಇದ್ದ ಆಸ್ಪತ್ರೆ ಈಗ ಎರಡು ಲೋಕಲು ಬದಲಿಸಬೇಕಾದಷ್ಟು ದೂರವಾಗಿದೆ. ಆದುದರಿಂದಲೇ ಈ ವಿಷಯವನ್ನು ನಾವು ಹೊಸದಾಗಿ ಕೈಗೆತ್ತಿಕೊಳ್ಳಬೇಕು.

ಇಎಸ್‌ಐ ಇರುವವರು ಕೇಳಿ. ನಿಮ್ಮ ಪಗಾರದಿಂದ ಹಣ ಕಡಿದಿದ್ದಾರೆಂದರೆ ನಿಮ್ಮ ಹೆಂಡತಿಯ ಆರೈಕೆಗೂ ಹೆರಿಗೆಗೂ ಅದರಲ್ಲಿ ಹಕ್ಕಿದೆ. ಬಿಡಾರ ಬದಲಾದರೆ ದಾಖಲೆಯಲ್ಲಿ ದವಾಖಾನೆಯನ್ನೂ ಬದಲಿಸಿಕೊಳ್ಳಬೇಕು. ಅರ್ಹ ಕುಟುಂಬಗಳ ತಾಯಂದಿರಿಗೆ ಮಾತೃ ವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000 ರೂಪಾಯಿ, ಎರಡನೆಯದು ಹೆಣ್ಣಾದರೆ 6,000 ರೂಪಾಯಿ ಇದೆ. ಅರ್ಜಿ ಒಂದು ಊರಿನಲ್ಲಿ ಹಾಕಿ ಇನ್ನೊಂದು ಊರಿಗೆ ಹೋದವರು ಅಂಗನವಾಡಿಯಲ್ಲಿ ತಿಳಿಸಿ.

ರಜೆಯ ಮಾತು ಕೊನೆಯದು. ಹೆಂಡತಿಯ ಹೆರಿಗೆಗೆಂದು ಖಾಸಗಿ ನೌಕರನಿಗೆ ರಜೆ ಕೊಡಲೇಬೇಕೆಂಬ ಕೇಂದ್ರ ಕಾಯ್ದೆ ನಮ್ಮಲ್ಲಿಲ್ಲ. ಆದರೆ ಮಹಾರಾಷ್ಟ್ರದ 2017ರ ಅಂಗಡಿ-ಸಂಸ್ಥೆಗಳ ಕಾಯ್ದೆಗೆ ಒಳಪಟ್ಟ ಹೋಟೆಲುಗಳಲ್ಲಿ ವಾರದ ರಜೆಯ ಜೊತೆಗೆ ವರ್ಷಕ್ಕೆ 8 ದಿನ ಕ್ಯಾಷುವಲ್ ರಜೆಯೂ ಇದೆ. ಊರ ಜಾತ್ರೆಗೆ ಕೂಡಿಡುವ ಆ ರಜೆಯಲ್ಲಿ ಎರಡನ್ನು ಹೆಂಡತಿಯ ಆಸ್ಪತ್ರೆಗೆ ತೆಗೆದಿಡಿ. ಒಂದು ಹಳೆಯ ಆಸ್ಪತ್ರೆಯಿಂದ ಕಾಗದ ತರಲು, ಇನ್ನೊಂದು ಹೊಸ ಆಸ್ಪತ್ರೆಯಲ್ಲಿ ಹೆಸರು ಹಾಕಿಸಲು. ಎರಡೇ ದಿನ. ಆ ಎರಡು ದಿನ ನಾನು ತೆಗೆಯಲಿಲ್ಲ.

ಸಂಘದ ಮುಂದೆ ನನ್ನ ಅರಿಕೆ ಮೂರು. ಸದಸ್ಯರು ಬಿಡಾರ ಬದಲಿಸಿದ ಸುದ್ದಿ ಕೊಡುವಾಗ ಮನೆಯಲ್ಲಿ ಬಸುರಿಯಿದ್ದರೆ ಅದನ್ನೂ ತಿಳಿಸಲಿ. ದೂರದ ಉಪನಗರಗಳಲ್ಲಿ, ಸ್ಟೇಷನ್ನಿಗೆ ಒಬ್ಬರಂತೆ, ಆ ಕಡೆಯ ಆಸ್ಪತ್ರೆ ಬಲ್ಲ ಸದಸ್ಯರ ಮನೆಯ ಒಬ್ಬ ಹೆಂಗಸಿನ ಹೆಸರು ನಮ್ಮ ಕಚೇರಿಯಲ್ಲಿ ಬರೆದಿರಲಿ. ಹೊಸದಾಗಿ ಬಂದವಳೊಡನೆ ಮೊದಲ ದಿನ ಅವರು ಆಸ್ಪತ್ರೆಗೆ ಹೋಗಲಿ. ಮೂರನೆಯದು, ಧಣಿಗಳೊಡನೆ ಮುಂದಿನ ಮಾತುಕತೆಯಲ್ಲಿ ಪಗಾರ-ಬೋನಸ್ಸಿನ ಸಾಲಿನಲ್ಲಿ ಹೆಂಡತಿಯ ಹೆರಿಗೆಯ ರಜೆಯೂ ಒಂದು ಬೇಡಿಕೆಯಾಗಿ ಬರಲಿ. ಈ ಮೂರನೆಯದನ್ನು ಮನೆಯಲ್ಲಿ ಓದಿ ಹೇಳಿದಾಗ ನನ್ನ ಹೆಂಡತಿ, 'ಅದನ್ನೇ ಮೊದಲನೆಯದಾಗಿ ಹಾಕಿ' ಎಂದಳು. ಸಭೆ ಒಪ್ಪಿದರೆ ಹಾಗೆಯೇ ತಿದ್ದಿಕೊಳ್ಳೋಣ.

 ಈ ತಿಂಗಳು ಬಿಡಾರ ಬದಲಿಸುವವರು ಯಾರಾದರೂ ಇದ್ದರೆ ಸಭೆ ಮುಗಿದ ಮೇಲೆ ದಯವಿಟ್ಟು ನನ್ನನ್ನು ಕಂಡು ಹೋಗಿ. ಚಾ ಆರಿದರೂ ಚಿಂತೆಯಿಲ್ಲ, ನಾನು ಇಲ್ಲಿಯೇ ಇರುತ್ತೇನೆ.